ಕಾಕ್ ಸೆನಾ ಕ್ಲಚ್ ಕಲಿತದ್ದು

ಬಾಲಿಂಗ್ ಪೇಟೆಯಲ್ಲಿ ಡ್ರೈವಿಂಗ್ ಕಲಿಸುವ ನನ್ನಂಥವರ ಪಾಲಿಗೆ ಆಟೊಮ್ಯಾಟಿಕ್ ಕಾರು ಬಂದದ್ದು ದೇವರು ಕಣ್ಣು ಬಿಟ್ಟ ಹಾಗಾಯಿತು. ನಮ್ಮ ಬಾಯಲ್ಲಿ ಅದು ಬರೀ ಆಟೊ. ಎರಡೇ ಪೆಡಲು. ಒಂದನ್ನು ಒತ್ತಿದರೆ ಹೋಗುತ್ತದೆ, ಇನ್ನೊಂದನ್ನು ಒತ್ತಿದರೆ ನಿಲ್ಲುತ್ತದೆ. ಗೇರು ಕರಕರ ಅನ್ನುವುದಿಲ್ಲ, ಪಕ್ಕದಲ್ಲಿ ಕೂತ ನನ್ನ ಕತ್ತು ಹಿಂದಕ್ಕೂ ಮುಂದಕ್ಕೂ ಜೋಲಿ ಹೊಡೆಯುವುದಿಲ್ಲ. ಈಗಿನವರೆಲ್ಲ ಅದನ್ನೇ ಕೇಳಿಕೊಂಡು ಬರುತ್ತಾರೆ. ಹೀಗೆ ನಾನು ಆರಾಮಾಗಿದ್ದಾಗ, ಐವತ್ತು ದಾಟಿದ ಹೆಂಗಸೊಬ್ಬರು ಬಂದು, "ಚಿಕ್ಗು, ನಂಗೆ ಗೇರಿನ ಗಾಡೀನೇ ಕಲಿಸ್ಬೇಕು," ಅಂದರೆ ಹೇಗಾಗಬೇಡ ನನಗೆ? ನಮ್ಮಲ್ಲಿ ಏನನ್ನೇ ಕಲಿಸುವವನಾದರೂ ಚಿಕ್ಗುವೇ. ಆ ಗೌರವಕ್ಕೆ ಮರುಳಾಗಿ ನಾನು ಅನುಭವಿಸಿದ್ದು ಅಷ್ಟಿಷ್ಟಲ್ಲ.

ಅವರ ಹೆಸರು ಹಸ್ನಾ. ಊರಿಗೆಲ್ಲ ಅಕ್ಕ, ಹಾಗಾಗಿ ಕಾಕ್; ಹಸ್ನಾ ಜನರ ಬಾಯಲ್ಲಿ ಸವೆದು ಸೆನಾ. ಗಂಡ ಸಿಡೇಕ್, ಹಿರಿಯರಾದ್ದರಿಂದ ಪಾಕ್ ಸಿಡೇಕ್, ಅವರದು ಮೀನಿನ ವ್ಯಾನು. ಬೆಳಗಿನ ನಮಾಜು ಮುಗಿಸಿ ಸುಂಗೈ ಪತಾನಿಯ ಸಗಟು ಅಂಗಡಿಗೆ ಹೋಗಿ, ಐಸಿನ ಪೆಟ್ಟಿಗೆಗಳನ್ನು ತುಂಬಿಸಿಕೊಂಡು, ರಬ್ಬರ್ ತೋಟಗಳ ನಡುವಿನ ಹಳ್ಳಿಗಳನ್ನು ಸುತ್ತುವುದು ಅವರ ಕಸುಬು. ಮದುವೆಯಾದ ಹೊಸತರಿಂದ ಕಾಕ್ ಸೆನಾ ಆ ವ್ಯಾನಿನ ಎಡಗಡೆಯ ಸೀಟು ಬಿಟ್ಟವರಲ್ಲ. ಇಕ್ಕಟ್ಟಿನ ಓಣಿಗಳಲ್ಲಿ ಪಾಕ್ ಸಿಡೇಕ್ ಎರಡೂ ಕೈಯಲ್ಲಿ ಸ್ಟೀರಿಂಗ್ ತಿರುವುತ್ತಿದ್ದರೆ, ಹಾರನ್ ಕೆಲಸ ಹೆಂಡತಿಯದು. ಗಾಡಿ ನಿಂತ ಕೂಡಲೇ ಇವರು ಬಲಗೈ ಚಾಚಿ ಎರಡು ಸಲ ಪೀಂ ಪೀಂ ಅನ್ನಿಸಬೇಕು, ಮನೆಗಳಿಂದ ಹೆಂಗಸರು ಬೋಗುಣಿ ಹಿಡಿದು ಹೊರಗೆ ಬರಬೇಕು. ಯಾರ ಮನೆಯ ಮಗುವಿಗೆ ಸೀಗಡಿ ತಿಂದರೆ ಮೈ ತುರಿಸುತ್ತದೆ, ಯಾರ ಅತ್ತೆಗೆ ಮೀನಿನ ತಲೆಯೇ ಆಗಬೇಕು, ಎಲ್ಲವೂ ಕಾಕ್ ಸೆನಾ ಅವರಿಗೆ ಬಾಯಿಪಾಠ. ಬಂಗುಡೆ ಹಸನು ಮಾಡುತ್ತಲೇ ಅವರು ಅರ್ಧ ಊರಿನ ಜಗಳ ಬಿಡಿಸುತ್ತಿದ್ದರು.

ಹೋದ ವರ್ಷ ಸಕ್ಕರೆ ಕಾಯಿಲೆ ಪಾಕ್ ಸಿಡೇಕ್ ಅವರ ಎಡಗಾಲನ್ನು ಮೊಣಕಾಲಿನ ಕೆಳಗಿನಿಂದ ತೆಗೆದುಕೊಂಡುಹೋಯಿತು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಅಷ್ಟೂ. ವ್ಯಾನು ಮನೆ ಮುಂದಿನ ರಂಬುಟಾನ್ ಮರದಡಿ ನಿಂತಿತು. ಅದನ್ನು ನೋಡಬೇಕಾಗುತ್ತದೆಂದು ಅವರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರತೊಡಗಿದರು. ಕುಪಾಂಗಿನ ರೊಸ್ಲಿ ಎಂಬುವನು ಬಂದು ವ್ಯಾನನ್ನೂ ಹಳ್ಳಿಗಳ ಸುತ್ತನ್ನೂ ತನಗೇ ಕೊಡಿ ಅಂದಾಗ, "ತಗೊಂಡು ಹೋಗು, ಕಣ್ಮುಂದೆ ಇರೋದೇ ಬೇಡ," ಅಂದುಬಿಟ್ಟರು. ಒಳಗಿಂದ ಕಾಕ್ ಸೆನಾ ಬಂದು, "ಸ್ವಲ್ಪ ತಡಿಯಪ್ಪಾ, ನಾನು ಲೈಸೆನ್ಸ್ ತಗೋತೀನಿ," ಅಂದರಂತೆ. ಮಾರನೆಯ ದಿನವೇ ನನ್ನ ಮುಂದೆ ನಿಂತಿದ್ದರು.

"ಆಟೊ ತಗೊಳ್ಳಿ ಕಾಕ್," ಅಂದೆ. "ಈ ವಯಸ್ಸಲ್ಲಿ ಕ್ಲಚ್ ಜೊತೆ ಯಾಕೆ ಗುದ್ದಾಟ?"

"ಆಟೊ ಲೈಸೆನ್ಸಲ್ಲಿ ನಮ್ಮ ವ್ಯಾನ್ ಓಡಿಸ್ಬೋದಾ?"

"ಇಲ್ಲ. ಆಟೊ ಗಾಡಿ ಮಾತ್ರ."

"ಮತ್ತೆ ಅದನ್ನಿಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ನಾನು ಗೇರಿನ ಕಾರಿನ ಕೀ ತಂದೆ.

ಸುಳ್ಳು ಯಾಕೆ ಹೇಳಲಿ, ರಸ್ತೆಯಲ್ಲಿ ಅವರು ಚೆನ್ನಾಗಿಯೇ ಓಡಿಸಿದರು. ಅಷ್ಟು ವರ್ಷ ಎಡಗಡೆ ಕೂತು ದಾರಿ ನೋಡಿದ್ದು ವ್ಯರ್ಥವಾಗಿರಲಿಲ್ಲ. ರಸ್ತೆಯ ಪರೀಕ್ಷೆ ಮೊದಲ ಸಲಕ್ಕೇ ಪಾಸು. ಮೈದಾನದೊಳಗಿನ ಪರೀಕ್ಷೆಯದೇ ತಕರಾರು. ಅದರಲ್ಲೂ ಗುಡ್ಡದ್ದು. ಮಣ್ಣು ಏರಿಸಿ ಟಾರು ಹಾಕಿದ ಒಂದು ಗಿಡ್ಡ ದಿಬ್ಬ, ಅದರ ಏರಿನಲ್ಲಿ ಹಳದಿ ಗೆರೆ. ಕಾರನ್ನು ಆ ಗೆರೆಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಹಿಂದಕ್ಕೆ ಜಾರದ ಹಾಗೆ ಮೇಲೆ ಹತ್ತಿಸಬೇಕು. ಕಾರಿನೊಳಗೆ ಪರೀಕ್ಷೆಗೆ ಕೂತವರೊಬ್ಬರೇ, ಅಧಿಕಾರಿ ಕೆಳಗೆ ನಿಂತು ನೋಡುತ್ತಾರೆ. ಆಟೊದವರು ಇದನ್ನು ಆಕಳಿಸುತ್ತಾ ದಾಟುತ್ತಾರೆ. ಗೇರಿನ ಕಾರಿನವರು ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ, ಅದು ಎಂಜಿನ್ನನ್ನು ಕಚ್ಚಿದ ಕ್ಷಣಕ್ಕೆ ಸರಿಯಾಗಿ ಬ್ರೇಕ್ ಬಿಡಬೇಕು, ಜೀವ ಬಾಯಿಗೆ ಬರುವುದು ಇಲ್ಲೇ.

ಮೊದಲ ಸಲ ಕಾಕ್ ಸೆನಾ ಕಾರನ್ನು ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದರು. ನಾನು ದೂರದಿಂದಲೇ ಭೇಷ್ ಅಂದುಕೊಂಡೆ. ಅಷ್ಟರಲ್ಲಿ ಪೀಂ ಪೀಂ. ಗಾಡಿ ನಿಂತಿತಲ್ಲ, ಕೈ ತಾನಾಗಿಯೇ ಹಾರನ್ನಿಗೆ ಹೋಗಿದೆ, ಹ್ಯಾಂಡ್‌ಬ್ರೇಕ್ ಮರೆತೇಹೋಗಿದೆ. ಕಾಲು ಬ್ರೇಕು ಬಿಟ್ಟಿತು, ಕಾರು ಸೀದಾ ಕೆಳಗೆ. ಅಧಿಕಾರಿಯಾಗಿದ್ದ ಹೆಂಗಸು ಬಂದು ಕಿಟಕಿಯಲ್ಲಿ ಬಗ್ಗಿ ಕೇಳಿದರು, "ಯಾರನ್ನ ಕರೆದ್ರಿ ಅಮ್ಮಾ?"

"ಗಿರಾಕಿಗಳನ್ನ, ಮೇಡಂ. ತಪ್ಪಾಯ್ತು."

ಬೆಂಚಿನ ಮೇಲೆ ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ, ತಲೆ ಚಿಟ್ಟು ಹಿಡಿದಿತ್ತು. ಆಮೇಲೆ ಅವರೇ ಒಂದು ಉಪಾಯ ಹುಡುಕಿದರು. ಕಾರು ನಿಂತಾಗಲೆಲ್ಲ, "ಮೀನಿಲ್ಲ, ಮೀನಿಲ್ಲ," ಅಂತ ತಮಗೆ ತಾವೇ ಹೇಳಿಕೊಳ್ಳುವುದು. ಸಿಗ್ನಲ್ಲಿನಲ್ಲಿ ನಿಂತರೂ ಮೀನಿಲ್ಲ, ಹಸು ಅಡ್ಡ ಬಂದರೂ ಮೀನಿಲ್ಲ. ಒಂದು ವಾರ ಕೇಳಿ ಕೇಳಿ ನನಗೂ ಅದು ಅಂಟಿಕೊಂಡು, ಮನೆ ಮುಂದೆ ಗಾಡಿ ನಿಲ್ಲಿಸಿದವನು ಮೀನಿಲ್ಲ ಅಂದೆ. ಮೀನಿಗೆಂದು ಸಾಂಬಾಲ್ ಖಾರ ಅರೆದಿಟ್ಟು ಕಾಯುತ್ತಿದ್ದ ನನ್ನ ಹೆಂಡತಿ, ಇಷ್ಟು ಹೊತ್ತು ಪೇಟೆಯಲ್ಲಿ ಏನು ಮಾಡುತ್ತಿದ್ದೆ ಅಂತ ಜಗಳಕ್ಕೇ ನಿಂತಳು.

ಎರಡನೆಯ ಸಲ ಹಾರನ್ ಆಗಲಿಲ್ಲ, ಹ್ಯಾಂಡ್‌ಬ್ರೇಕೂ ಬಿತ್ತು. ಕ್ಲಚ್ ಕೈಕೊಟ್ಟಿತು. ಹ್ಯಾಂಡ್‌ಬ್ರೇಕ್ ಬಿಡುತ್ತಲೇ ಎಡಗಾಲನ್ನು ಅವರು ಬೆಚ್ಚಿಬಿದ್ದವರ ಹಾಗೆ ಎತ್ತಿದ್ದರಿಂದ ಎಂಜಿನ್ ಆಫ್ ಆಗಿ ಕಾರು ಮತ್ತೆ ಕೆಳಗೆ ಬಂತು. ಅದರ ಮಾರನೆಯ ದಿನ ಅಭ್ಯಾಸದಲ್ಲಿ ನಾನು ರೇಗಿಬಿಟ್ಟೆ.

"ಕಾಕ್, ಅದೇನು ಬೆಕ್ಕಿನ ಬಾಲನಾ, ತುಳಿದ ತಕ್ಷಣ ಕಾಲೆತ್ತೋಕೆ? ಮೆಲ್ಲಗೆ ಬಿಡಿ ಅಂತ ಎಷ್ಟ್ ಸಲ ಬಡ್ಕೊಳ್ಲಿ?"

"ಬಯ್ಯಿರಿ ಚಿಕ್ಗು, ಬಯ್ಯಿರಿ. ನನ್ನ ಕಾಲಿಗೇನು ಕಿವಿ ಇದ್ಯಾ?"

"ಮನೇಲೇ ಇದ್ದಾರಲ್ಲ ಪಾಕ್ ಸಿಡೇಕ್. ಅವರನ್ನ ಕೇಳ್ಬಾರ್ದಾ?"

ಅವರು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಈ ಸಲ ಮೀನಿಲ್ಲ ಅನ್ನಲಿಲ್ಲ. "ಕೇಳ್ದೆ. ಕ್ಲಚ್ ಎಲ್ಲಿ ಕಚ್ಚುತ್ತೆ, ಕಾಲಿಗೆ ಹೇಗೆ ಗೊತ್ತಾಗುತ್ತೆ ಅಂತ. ಚಿಕ್ಗುನ ಕೇಳು ಅಂದ್ರು, ಗೋಡೆ ಕಡೆ ತಿರುಗಿದ್ರು." ಸೆರಗಿನ ಹಾಗೆ ತಲೆಗೆ ಹೊದ್ದಿದ್ದ ತುಡುಂಗಿನ ತುದಿಯಿಂದ ಮೂಗು ಒರೆಸಿಕೊಂಡರು. "ನಂಗೆ ವ್ಯಾಪಾರದ ಚಿಂತೆ ಅಲ್ಲ ಚಿಕ್ಗು. ಅವರು ಊಟ ಮಾಡ್ತಾರೆ, ನಮಾಜು ಮಾಡ್ತಾರೆ, ಮತ್ತೆ ಗೋಡೆ. ವ್ಯಾನೂ ಹೋಯ್ತು ಅಂದ್ರೆ ಅವರು ಆ ಕುರ್ಚಿಯಿಂದ ಏಳೋದೇ ಇಲ್ಲ. ನಂಗೆ ಭಯ ಆಗ್ತಿದೆ."

ಸಮಾಧಾನ ಮಾಡಲು ಹೋಗಿ ನಾನು, "ಆಟೊ ತಗೊಂಡಿದ್ರೆ..." ಅಂತ ಶುರು ಮಾಡಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಅಲ್ಲೇ ನಿಲ್ಲಿಸಿದೆ.

ಮೂರನೆಯ ಪರೀಕ್ಷೆ ಬುಧವಾರಕ್ಕಿತ್ತು. ಪಾಕ್ ಸಿಡೇಕ್ ಖಡಾಖಂಡಿತವಾಗಿ ಹೇಳಿದ್ದರು, ಈ ಸಲವೂ ಆಗದಿದ್ದರೆ ಶುಕ್ರವಾರ ನಮಾಜಿನ ನಂತರ ರೊಸ್ಲಿ ಬಂದು ವ್ಯಾನು ಒಯ್ಯುತ್ತಾನೆ, ಇನ್ನು ಕಾಯುವುದಿಲ್ಲ ಅಂತ. ಬುಧವಾರ ಬೆಳಿಗ್ಗೆ ನಾನು ಆಟೊ ಕಾರು ತೆಗೆದುಕೊಂಡು ಕಾಕ್ ಸೆನಾ ಅವರನ್ನು ಕರೆಯಲು ಹೋದರೆ, ಊರುಗೋಲು ಹಿಡಿದು, ಇಸ್ತ್ರಿ ಮಾಡಿದ ಸರೊಂಗು ಉಟ್ಟು, ಬಾಗಿಲಲ್ಲಿ ನಿಂತಿದ್ದವರು ಪಾಕ್ ಸಿಡೇಕ್. "ಮನೇಲಿ ಕೂತು ಬೇಜಾರು," ಅಂತಷ್ಟೇ ಹೇಳಿ ಮುಂದಿನ ಸೀಟಿನಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ಕೂತ ಕಾಕ್ ಸೆನಾ ನನ್ನ ಕಡೆ ನೋಡಿ ಕಣ್ಣರಳಿಸಿದರು.

ಸ್ವಲ್ಪ ದೂರ ಹೋದ ಮೇಲೆ ಪಾಕ್ ಸಿಡೇಕ್ ನನ್ನ ಕಾಲ ಕೆಳಗೆ ಬಗ್ಗಿ ನೋಡಿದರು. "ಕ್ಲಚ್ ಎಲ್ಲಿ?"

"ಇದಕ್ಕಿಲ್ಲ ಪಾಕ್."

"ಮತ್ತೆ ಎಡಗಾಲಿಗೇನು ಕೆಲಸ?"

"ಏನೂ ಇಲ್ಲ. ಸುಮ್ನೆ ಬಿದ್ದಿರುತ್ತೆ," ಅಂದವನು ನಾಲಿಗೆ ಕಚ್ಚಿಕೊಂಡೆ.

ಅವರು ಜೋರಾಗಿ ನಕ್ಕುಬಿಟ್ಟರು. "ಹಾಗಾದ್ರೆ ನನ್ನಂಥೋನಿಗೇ ಅಂತ ಮಾಡಿದ್ದಾರೆ."

ಹೇಗೂ ಮಾತು ಹೊರಟಿತಲ್ಲ ಅಂತ ನಾನೂ ಹೇಳಿದೆ. "ನಿಜ ಪಾಕ್. ಬಲಗಾಲಿದ್ರೆ ಸಾಕು. ಡಾಕ್ಟ್ರು ಒಪ್ಪಿದ್ರೆ ನಾನೇ ಕಲಿಸಿಕೊಡ್ತೀನಿ."

"ನೀನು? ನಂಗೆ ಗಾಡಿ ಕಲಿಸ್ತೀಯಾ?" ಅವರ ಮುಖ ಗಂಟಿಕ್ಕಿತು. "ಹತ್ತುವಾಗ ಗಾಡಿ ಏನ್ ಹೇಳುತ್ತೆ ಅಂತ ಕಾಲಿಗೆ ಗೊತ್ತಾಗ್ಬೇಕು. ಅದು ಗೊತ್ತಾಗ್ದೆ ಓಡಿಸೋದೂ ಒಂದೇ, ಬಸ್ಸಲ್ಲಿ ಕೂತು ಹೋಗೋದೂ ಒಂದೇ."

"ಅಬಾಂಗ್, ಸ್ವಲ್ಪ ಸುಮ್ನಿರ್ತೀರಾ," ಅಂತ ಹಿಂದಿನಿಂದ ಕಾಕ್ ಸೆನಾ ಗಂಡನಿಗೆ ಅಂದರು. "ನಾನು ಮೀನಿಲ್ಲ ಬಾಯಿಪಾಠ ಮಾಡ್ತಾ ಇದ್ದೀನಿ."

ಮೈದಾನದಲ್ಲಿ ತಗಡಿನ ಮಾಡಿನ ಕೆಳಗೆ ನಾನೂ ಪಾಕ್ ಸಿಡೇಕೂ ಒಂದೇ ಬೆಂಚಿನಲ್ಲಿ ಕೂತೆವು. ಕಾಕ್ ಸೆನಾ ಅವರ ಮುಂದೆ ಮೂವರು ಆಟೊದವರಿದ್ದರು. ಮೂವರೂ ಗುಡ್ಡ ಹತ್ತಿ ಇಳಿದರು. ಆಮೇಲೆ ಗೇರಿನ ಕಾರು ಹೊರಟಿತು, ದಿಬ್ಬ ಏರಿತು, ಹಳದಿ ಗೆರೆಗೆ ನಿಂತಿತು. ಕಿಟಕಿಯೊಳಗೆ ಕಾಕ್ ಸೆನಾ ಅವರ ಬಲಗೈ ಒಂದಿಷ್ಟು ಮೇಲಕ್ಕೆದ್ದು ತಡವರಿಸಿ ಮತ್ತೆ ಕೆಳಗಿಳಿಯಿತು. ತುಟಿಗಳು ಅಲ್ಲಾಡಿದವು. ಹ್ಯಾಂಡ್‌ಬ್ರೇಕ್ ಎಳೆದದ್ದು ಭುಜದಿಂದ ತಿಳಿಯಿತು. ಆಮೇಲೆ ಏನೂ ಆಗಲಿಲ್ಲ. ಎಂಜಿನ್ ಸದ್ದು ಮಾತ್ರ ಏರಿತು.

ಹೊರಡಿ ಕಾಕ್, ಹೊರಡಿ, ಅಂತ ನಾನು ಒಳಗೊಳಗೇ ಗೊಣಗುತ್ತಿದ್ದೆ. ಆಗ ಪಕ್ಕದಲ್ಲಿ ಏನೋ ಕದಲಿದ ಹಾಗಾಗಿ ನೋಡಿದೆ. ಪಾಕ್ ಸಿಡೇಕ್ ಅವರ ಕಣ್ಣು ದಿಬ್ಬದ ಮೇಲೆಯೇ ನೆಟ್ಟಿತ್ತು. ಸರೊಂಗಿನೊಳಗೆ ಅವರ ಮೋಟು ಕಾಲು ಮುಂದಕ್ಕೆ ಚಾಚಿ ಒತ್ತಿ ನಿಂತಿತ್ತು. ತೊಡೆ ಬಿಗಿದದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಅದು ಮೆಲ್ಲಗೆ, ಕುದಿಯುವ ಅನ್ನದ ಮುಚ್ಚಳ ಎತ್ತುವ ಹಾಗೆ, ಮೇಲೇಳತೊಡಗಿತು.

"ಇನ್ನೂ ಸ್ವಲ್ಪ," ಅಂತ ಅವರು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. "ಹೆದರ್ಬೇಡ ಸೆನಾ. ಇನ್ನೂ ಸ್ವಲ್ಪ. ಹಾಂ, ಕಚ್ತು. ಈಗ ಬ್ರೇಕ್ ಬಿಡು."

ಕಾರಿನ ಮೂತಿ ಚೂರು ಎದ್ದಿತು. ಹಿಂದಕ್ಕೆ ಕೂದಲೆಳೆಯಷ್ಟೂ ಜಾರದೆ ಕಾರು ದಿಬ್ಬ ಹತ್ತಿ ಆಚೆಗೆ ಇಳಿಯಿತು. ನಾನು ದೊಡ್ಡವನು ಅನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿದೆ.

ಪಾಕ್ ಸಿಡೇಕ್ ಚಪ್ಪಾಳೆ ತಟ್ಟಲಿಲ್ಲ. ಉಳಿದದ್ದು ಕಾರನ್ನು ಕಂಬಗಳ ನಡುವೆ ನಿಲ್ಲಿಸುವುದು, ಇಕ್ಕಟ್ಟಿನಲ್ಲಿ ತಿರುಗಿಸುವುದು ಅಷ್ಟೇ. ಅದನ್ನು ಅವರ ಹೆಂಡತಿ ಕಣ್ಣು ಮುಚ್ಚಿ ಮಾಡುತ್ತಾರೆಂದು ನಾನು ಹೇಳಿದರೂ ಅವರು ಕೇಳಿಸಿಕೊಂಡ ಹಾಗಿರಲಿಲ್ಲ. ಜೇಬಿನಿಂದ ಫೋನು ತೆಗೆದು ರೊಸ್ಲಿಗೆ ಹಚ್ಚಿದರು.

"ಶುಕ್ರವಾರ ಬರ್ಬೇಡಪ್ಪ. ಗಾಡಿ ಕೊಡಲ್ಲ. ಇಲ್ಲ ಇಲ್ಲ, ನಾನಲ್ಲ, ನನ್ನ ಹೆಂಡ್ತಿ ಓಡಿಸ್ತಾಳೆ. ನಾನಾ? ನಾನು ಎಡಗಡೆ ಕೂತು ಹಾರನ್ ಹೊಡೀತೀನಿ."

ಕಾಕ್ ಸೆನಾ ಬಿಸಿಲಿನಲ್ಲಿ ಮೈದಾನ ದಾಟಿ ಬಂದರು. ಮುಖವೆಲ್ಲ ಬೆವರು. "ಅಬಾಂಗ್, ಆಯ್ತು," ಅಂದರು. "ಪಾಸು."

ಪಾಕ್ ಸಿಡೇಕ್ ತಲೆ ಎತ್ತಲಿಲ್ಲ. ಎರಡೂ ಕೈಯಿಂದ ಸರೊಂಗನ್ನು ಹಿಡಿದು ಬಗ್ಗಿ ಕೂತಿದ್ದರು.

"ಯಾಕ್ರೀ? ಏನಾಯ್ತು?"

"ಕಾಲು ನೋಯ್ತಾ ಇದೆ."

"ಯಾವ ಕಾಲು?"

"ಎಡಗಾಲು," ಅಂದರು ಪಾಕ್ ಸಿಡೇಕ್. "ತುಂಬ ಹೊತ್ತು ಒತ್ತಿ ಹಿಡಿದಿದ್ದೆ."