ಕಿತ್ತಳೆ ಕದಿಯುವ ಹುಡುಗಿ

ಮಾತು ಬಾರದ, ಮುಖ ಕೊಟ್ಟು ನೋಡದ, ಕೂತಲ್ಲಿ ಕೂರದ ಮಕ್ಕಳನ್ನು ಚಿಯಾಯಿ ಊರಿನ ಒಂದು ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞೆ ಲಾಯ್ ಯುಎ-ಚಿನ್ ಮೂವತ್ತು ವರ್ಷ ಪರೀಕ್ಷಿಸಿದರು. ಮಕ್ಕಳಿಂದ ಅವರಿಗೆ ಹೆಚ್ಚು ತೊಂದರೆಯಾಗಲಿಲ್ಲ. ಕಚ್ಚುವವರು ಕಚ್ಚಿ ಸುಮ್ಮನಾಗುತ್ತಿದ್ದರು. ಕಷ್ಟವೆಲ್ಲ ಜೊತೆಗೆ ಬರುವ ಜಾಣರದ್ದು.

“ಇವನಿಗೇನೂ ಆಗಿಲ್ಲ ಮೇಡಂ. ಇವನಪ್ಪನೂ ನಾಲ್ಕು ವರ್ಷ ತುಂಬೋವರೆಗೂ ಬಾಯಿ ಬಿಟ್ಟಿರ್ಲಿಲ್ಲ,” ಎಂದಳು ಒಬ್ಬಳು ಅಜ್ಜಿ.

“ಈಗ ಮಾತಾಡ್ತಾರಾ?” ಎಂದು ಲಾಯ್ ಕೇಳಿದರೆ, ಪಕ್ಕದಲ್ಲಿದ್ದ ಸೊಸೆ, “ಎಲ್ಲಿ ಮೇಡಂ, ಈಗ್ಲೂ ಇಲ್ಲ,” ಎಂದಳು.

ಮುಖ್ಯ ವೈದ್ಯ ತ್ಸಾಯ್ ಅವರಿಗಂತೂ ಲಾಯ್ ಬರೆಯುವ ವರದಿಗಳೇ ತಲೆನೋವು. ಶಿಯು ಎಂಬ ಎಂಟು ವರ್ಷದ ಹುಡುಗಿಗೆ ಮಾತಿರಲಿಲ್ಲ. ಮಾಜು ಅಮ್ಮನ ಗುಡಿಗೆ ಹೋದಾಗಲೆಲ್ಲ ದೇವಿಯ ಮುಂದಿಟ್ಟ ಕಿತ್ತಳೆಗಳಲ್ಲಿ ದಪ್ಪನೆಯದನ್ನೇ ಆರಿಸಿ ಕದಿಯುತ್ತಿದ್ದಳು. ಅವಳ ತಾಯಿ ನಗುನಗುತ್ತಾ ಹೇಳಿದ್ದನ್ನು ಲಾಯ್ ಹಾಗೆಯೇ ಬರೆದರು.

“ಇದು ವರದಿನಾ, ಕಥೆನಾ?” ತ್ಸಾಯ್ ಸಿಡುಕಿದರು. “ಸ್ವನಿಯಂತ್ರಣ ಕಡಿಮೆ ಅಂತ ಬರೀರಿ, ಸಾಕು.”

ಬರೆದರು. ಆ ಎರಡು ಪದಗಳಲ್ಲಿ ಹುಡುಗಿಯೂ ಇರಲಿಲ್ಲ, ಕಿತ್ತಳೆಯೂ ಇರಲಿಲ್ಲ. ಲಾಯ್‌ಗೆ ಆ ಸಂಕಟ ಆರಲೇ ಇಲ್ಲ. ನಿವೃತ್ತರಾದ ಕೂಡಲೇ ಶಿಯುವಿನ ತಾಯಿಯನ್ನು ಹುಡುಕಿ, ಮಗಳ ಬಗ್ಗೆ ಕಾದಂಬರಿ ಬರೆಯಲು ಒಪ್ಪಿಗೆ ಕೇಳಿದರು.

“ಹೆಸರು ಬದಲಾಯಿಸಿ ಮೇಡಂ. ಕಳ್ಳತನ ಮಾತ್ರ ಕಮ್ಮಿ ಮಾಡ್ಬೇಡಿ,” ಎಂದಳಾಕೆ.

ಬರೆದು ಮುಗಿಸಿ ರಾಜಧಾನಿ ತೈಪೆಗೆ ಒಯ್ದರು. ಪ್ರಕಾಶನ ಸಂಸ್ಥೆಯ ಸಂಪಾದಕಿ ಮಿಸ್ ಫಾನ್ ಪ್ರೀತಿಯಿಂದ ಚಹಾ ಕೊಟ್ಟರು.

“ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಇವಳಿಗೆ ಏನಾದ್ರೂ ವಿಶೇಷ ಪ್ರತಿಭೆ ಬೇಕಲ್ವಾ? ಪಿಯಾನೋ? ಗಣಿತ?”

“ಚೆನ್ನಾಗಿ ಕದೀತಾಳಲ್ಲ.”

“ಹಾಗಾದ್ರೆ ಕೊನೇಲಿ ‘ಅಮ್ಮಾ’ ಅಂದುಬಿಡ್ಲಿ. ಓದೋರೆಲ್ಲ ಅಳ್ತಾರೆ.”

“ಅಮ್ಮಾ ಅಂದ ಮಕ್ಕಳನ್ನೂ ನೋಡಿದೀನಮ್ಮ. ಆಮೇಲೆ ‘ಆಗಲ್ಲ’ ಅನ್ನೋದು ಕಲೀತಾರೆ. ಬಾಯಿ ಮುಚ್ಚಿಸೋದು ಹೇಗೆ ಅಂತ ಅದೇ ಅಮ್ಮಂದಿರು ನನ್ನ ಹತ್ರ ಬರ್ತಾರೆ.”

ಮಿಸ್ ಫಾನ್ ನಕ್ಕು, ಹಸ್ತಪ್ರತಿಯನ್ನು ಹಿಂತಿರುಗಿಸಿದರು. ಪಿಯಾನೋ ಬಾರದ ಇಂಥ ಮಗುವಿಗೆ ಶಾಲೆಯಲ್ಲಿ ಜಾಗವಿಲ್ಲವೆಂದು ಲಾಯ್‌ಗೆ ಮೊದಲೇ ಗೊತ್ತಿತ್ತು. ಸಾಹಿತ್ಯದಲ್ಲೂ ಇಲ್ಲವೆಂದು ಅಂದು ತಿಳಿಯಿತು.

ರೈಲಿನಲ್ಲಿ ಮರಳುವಾಗ ಅಳು ಬಂತು. ಒಂದು ಪಿಯಾನೋ ತಾನೇ, ಸೇರಿಸಿಬಿಡಲೇ ಎಂದೂ ಅನ್ನಿಸಿತು. ಮನೆಯಲ್ಲಿ ಗಂಡ ಬುನ್-ಹಿಯೋಂಗ್ ಟರ್ಕಿ ಕೋಳಿಯ ಅನ್ನದ ಪೊಟ್ಟಣ ಬಿಚ್ಚುತ್ತಾ, “ಪಕ್ಕದ ಮನೆಯವರು ಪಿಯಾನೋ ಬಾರಿಸಿದ್ರೆ ಕಿಟಕಿ ಮುಚ್ಚೋಳು ನೀನು. ಆ ಪಾಪದ ಹುಡುಗಿಗ್ಯಾಕೆ ಆ ಕಾಟ?” ಎಂದರು.

ಲಾಯ್ ಸೇರಿಸಲಿಲ್ಲ. ಊರಿನದೇ ಒಂದು ಚಿಕ್ಕ ಪ್ರಕಾಶನ ಪುಸ್ತಕವನ್ನು ಹೊರತಂದಿತು.

ಪುಸ್ತಕದಂಗಡಿಯಲ್ಲಿ ಬಿಡುಗಡೆಯ ದಿನ ತ್ಸಾಯ್ ಮೊದಲ ಸಾಲಿನಿಂದೆದ್ದು, “ಇವರು ಬರೆಯೋದು ಕಥೆ ಅಂತ ಮೊದಲು ಗುರುತಿಸಿದೋನೇ ನಾನು,” ಎಂದು ಭಾಷಣ ಮಾಡಿದರು. ಅದು ಸುಳ್ಳೆಂದು ಹೇಳುವಂತೆಯೂ ಇರಲಿಲ್ಲ.

ಲಾಯ್ ಗುಡಿಯ ಕಳ್ಳತನದ ಅಧ್ಯಾಯ ಓದತೊಡಗಿದರು. ಹಿಂದೆ ಕೂತ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಎಲ್ಲರೂ ತಿರುಗಿ ನೋಡಿದರು. ಇಂಥ ವಿಷಯಕ್ಕೆ ಕರವಸ್ತ್ರ ಹಿಡಿದು ಕೂರುವುದೇ ಸಭ್ಯರ ಲಕ್ಷಣ.

“ತಪ್ಪಾಯ್ತು ಮೇಡಂ. ನಗಬಹುದಾ?”

“ನಗಮ್ಮ, ಧಾರಾಳವಾಗಿ ನಗು.”

“ನಮ್ಮನೇಲೂ ಒಬ್ಬ ಇದ್ದಾನೆ. ಮೊನ್ನೆ ಬಸ್ಸಲ್ಲಿ ಯಾರದೋ ಟೋಪಿ ಇಷ್ಟವಾಗಿಬಿಡ್ತು ನೋಡಿ…”

ತ್ಸಾಯ್ ಗಡಿಯಾರ ನೋಡಿಕೊಂಡರು. ಲಾಯ್ ಪುಸ್ತಕ ಮುಚ್ಚಿ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತರು.