ಸುಧಾ ಹಾಕಿದ ಗೇಟು

ಬೆಟ್ಟದಲ್ಲಿ ಓಡುವುದಕ್ಕೆ ಜನ ದುಡ್ಡು ಕಟ್ಟುತ್ತಾರೆ ಎಂದು ಗೊತ್ತಾದ ದಿನ ಬಾಣೆಗದ್ದೆಯಲ್ಲಿ ನಗು ನಿಲ್ಲಲಿಲ್ಲ. ಸೋಮವಾರಪೇಟೆಯ ಬಸ್ಸಿಳಿದು ಗುಡ್ಡ ಹತ್ತಿದರೆ ಸಿಗುವ ಊರು ಅದು. ಅಲ್ಲಿನವರೆಲ್ಲ ಬಿಟ್ಟಿಯಾಗಿ ಓಡಾಡಿ ಮಂಡಿ ಸವೆಸಿಕೊಂಡವರೇ. ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಮಂಜು, ಬೆಟ್ಟ, ಮತ್ತು ಹಲ್ಲು ಕಿರಿದು ಓಡುವ ಒಬ್ಬ ಗಡ್ಡದವನಿದ್ದ. ಜನವರಿಯ ಚಳಿಯಲ್ಲಿ, ಕಾಫಿ ಕೊಯ್ಲಿಗೆ ಆಳು ಸಿಗದೆ ಊರೆಲ್ಲ ಒದ್ದಾಡುವ ಹೊತ್ತಿನಲ್ಲಿ, ಬೆಂಗಳೂರಿನಿಂದ ಬಂದು ಬೆಟ್ಟ ಓಡುತ್ತಾರಂತೆ. ಪ್ರಕೃತಿಯೊಂದಿಗೆ ಒಂದಾಗುತ್ತಾರಂತೆ. ಆಗಲಿ. ಪ್ರಕೃತಿಯನ್ನು ಯಾರೂ ಒಪ್ಪಿಗೆ ಕೇಳಿದಂತೆ ಕಾಣಲಿಲ್ಲ.

ಈ ಓಟದಲ್ಲಿ ಸುಧಾ ಓಡಿದಳು. ಅವಳ ಕತೆ ಹೇಳಬೇಕೆಂದರೆ ಮೊದಲು ಗೇಟಿನ ಕತೆ ಹೇಳಬೇಕು.

ಸುಧಾಗೆ ನಲವತ್ತು ದಾಟಿದೆ. ಗಂಡ ಚಿದಾನಂದ ಕುಶಾಲನಗರದ ಕಡೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿರುವ ಒಂದೇ ಬೈಕು ಬೆಳಗಾಗುವ ಮೊದಲೇ ಅವನ ಜೊತೆ ಹೋಗುತ್ತದೆ. ಕೊಟ್ಟಿಗೆಯಲ್ಲಿ ಎರಡು ಹಸು. ಕೆಳಗಿನ ಟಾರು ರಸ್ತೆಗೆ ಡೇರಿಯ ಹಾಲಿನ ವ್ಯಾನು ಬರುತ್ತದೆ, ಬಂದ ಮೇಲೆ ಯಾರಿಗೂ ಕಾಯುವುದಿಲ್ಲ. ಹಿಂದೆ ಇದೊಂದು ಕಷ್ಟವೇ ಆಗಿರಲಿಲ್ಲ. ಊರಿನಿಂದ ಎಸ್ಟೇಟಿನ ನಡುವೆ ಹಾದು ನೇರ ರಸ್ತೆಗಿಳಿಯುವ ಕಾಲುದಾರಿಯೊಂದಿತ್ತು. ಸುಧಾಳ ಅತ್ತೆ ಮದುವಣಗಿತ್ತಿಯಾಗಿ ಊರಿಗೆ ಹತ್ತಿ ಬಂದದ್ದು ಆ ದಾರಿಯಲ್ಲಿ, ಸತ್ತಾಗ ಇಳಿದು ಹೋದದ್ದೂ ಅದೇ ದಾರಿಯಲ್ಲಿ. ಹಳೆಯ ಎಸ್ಟೇಟಿನ ಯಜಮಾನರು ಜಗಳಗಂಟರು, ಕುಡುಕರು. ಆದರೂ ದಾರಿ ಮುಚ್ಚುವ ಯೋಚನೆ ಅವರಿಗೆ ಕುಡಿದಾಗಲೂ ಬಂದಿರಲಿಲ್ಲ.

ಹೊಸ ಓನರು ಕುಡಿಯುವುದಿಲ್ಲ. ಯೋಗ ಮಾಡುತ್ತಾರೆ. ಎಸ್ಟೇಟು ಕೊಂಡು, ರಸ್ತೆ ಬದಿಯಲ್ಲಿ ಗಾಜಿನ ಹೋಮ್‌ಸ್ಟೇ ಕಟ್ಟಿ, ಊರ ಕಡೆಯ ಮೂಲೆಯಲ್ಲಿ ಕಾಲುದಾರಿಗೆ ಕಬ್ಬಿಣದ ಗೇಟು ಹಾಕಿ, ಅದರ ಮೇಲೆ ಖಾಸಗಿ ಆಸ್ತಿ ಎಂಬ ಬೋರ್ಡು ತೂಗುಹಾಕಿದರು. ಊರವರು ಪಂಚಾಯ್ತಿಗೆ ಹೋದರೆ ತಾಲೂಕಿಗೆ ಹೋಗಿ ಅಂದರು. ತಾಲೂಕಿನವರು ಸರ್ವೆ ಆಗಬೇಕು ಅಂದರು. ಸರ್ವೆಯವರು ಮಳೆ ನಿಲ್ಲಲಿ ಅಂದರು. ಕೊಡಗಿನಲ್ಲಿ ಮಳೆ ನಿಲ್ಲುವವರೆಗೆ ಕಾಯಿರಿ ಎನ್ನುವ ಮನುಷ್ಯನಿಗೆ ಹೊಡೆಯದೆ ವಾಪಸು ಬಂದ ಬಾಣೆಗದ್ದೆಯವರು ಸಜ್ಜನರು ಎಂದೇ ಹೇಳಬೇಕು.

ಅಂದಿನಿಂದ ಸುಧಾ ಗುಡ್ಡ ಸುತ್ತಿಕೊಂಡು ರಸ್ತೆಗೆ ಓಡಲು ಶುರುಮಾಡಿದಳು. ಬಲಗೈಯಲ್ಲಿ ಹಾಲಿನ ಕ್ಯಾನು, ಚೂಡಿದಾರದ ಮೇಲೆ ಗಂಡನ ಹಳೆಯ ತುಂಬುತೋಳಿನ ಶರ್ಟು. ಹತ್ತು ದಿನಕ್ಕೆ ಒಮ್ಮೆಯಾದರೂ ವ್ಯಾನು ಹೋಗಿಬಿಟ್ಟಿರುತ್ತಿತ್ತು. ಆ ದಿನದ ಹಾಲು ಮನೆಯಲ್ಲೇ ಮೊಸರಾಗುತ್ತಿತ್ತು. ಅಷ್ಟು ಮೊಸರು ತಿನ್ನಲು ಚಿದಾನಂದನಿಂದಲೂ ಆಗಲಿಲ್ಲ.

"ಹಸು ಕೊಟ್ ಬಿಡಾಣ ಕಣೆ. ಶಿರಂಗಾಲದೋರು ಯಾರೋ ಕೇಳ್ತಾವ್ರೆ," ಅಂದ ಅವನು ಒಂದು ದಿನ.

"ಕೊಡು. ಹಂಗೇ ನನ್ನೂ ಕೇಳ್ತಾರಾ ವಿಚಾರ್ಸು."

ಅವನು ಮತ್ತೆ ಆ ಮಾತೆತ್ತಲಿಲ್ಲ. ಆದರೆ ಸುಧಾಗೂ ಗೊತ್ತಿತ್ತು, ಈ ಕೊಯ್ಲು ಮುಗಿಯುವುದರೊಳಗೆ ಆ ದಾರಿ ಬಿಡದಿದ್ದರೆ ಹಸು ಹೋಗುವುದು ಖಂಡಿತ ಎಂದು.

ಹೀಗೆ ಒಂದು ಬೆಳಗ್ಗೆ ಮಂಜಿನಲ್ಲಿ ಓಡುತ್ತಿದ್ದಾಗ ಅವಳು ದಿಗಂತನ ಜೀಪಿಗೆ ಡಿಕ್ಕಿಯಾಗುವುದರಲ್ಲಿದ್ದಳು. ಈ ದಿಗಂತ್ ಮಡಿಕೇರಿ ಕಡೆಯ ಹುಡುಗ, ಬೆಂಗಳೂರಿನ ಕಂಪನಿಯೊಂದಕ್ಕೆ ಓಟದ ಏರ್ಪಾಡು ಮಾಡುತ್ತಿದ್ದವನು, ಮರಗಳಿಗೆ ರಿಬ್ಬನ್ ಕಟ್ಟಲು ಬಂದಿದ್ದ.

"ಅಕ್ಕ, ನೀವು ಯಾವ ಕ್ಲಬ್ಬಲ್ಲಿ ಟ್ರೇನಿಂಗ್ ಮಾಡ್ತೀರಿ?"

"ಕೊಟ್ಟಿಗೇಲಿ. ದಾರಿ ಬಿಡಪ್ಪ, ವ್ಯಾನ್ ಹೋಯ್ತದೆ."

ಅವನು ಅವಳನ್ನು ಕ್ಯಾನಿನ ಸಮೇತ ಜೀಪಿನಲ್ಲಿ ಕೂರಿಸಿಕೊಂಡು ರಸ್ತೆಗೆ ಬಿಟ್ಟ. ದಾರಿಯಲ್ಲಿ ಹೇಳಿದ: ಊರವರಿಗೆ ಓಟ ಫ್ರೀ. ಹೆಂಗಸರಲ್ಲಿ ಮೊದಲು ಬಂದವರಿಗೆ ಓನರೇ ಮೆಡಲು ಹಾಕುತ್ತಾರೆ, ಆಮೇಲೆ ಮೈಕಿನಲ್ಲಿ ಎರಡು ಮಾತಾಡಬೇಕು. ಓಟ ಹೋಗುವುದು ಆ ಗೇಟು ದಾಟಿ, ಎಸ್ಟೇಟಿನ ಕಾಲುದಾರಿಯಲ್ಲಿ. ಮುಗಿಯುವುದು ಹೋಮ್‌ಸ್ಟೇ ಲಾನಿನಲ್ಲಿ.

"ಗೇಟ್ ತೆಗಿತಾರಾ?"

"ತೆಗಿಲೇಬೇಕಲ್ಲ ಅಕ್ಕ, ಅದೇ ನಮ್ಮ ಮೇನ್ ಟ್ರೇಲು."

"ಮೈಕಲ್ಲಿ ಏನ್ ಬೇಕಾದ್ರೂ ಮಾತಾಡಬೋದಾ?"

"ಏನ್ ಬೇಕಾದ್ರೂ. ಜನ ಅಮ್ಮಂಗೆ ಥ್ಯಾಂಕ್ಸ್ ಹೇಳ್ತಾರೆ ಸಾಮಾನ್ಯ."

ಸುಧಾ ಅಲ್ಲೇ ಹೆಸರು ಕೊಟ್ಟಳು. ಅಮ್ಮನಿಗೆ ಥ್ಯಾಂಕ್ಸ್ ಹೇಳುವ ಉದ್ದೇಶ ಅವಳಿಗೆ ಇರಲಿಲ್ಲ. ಅಷ್ಟೂ ಜನರೆದುರು, ಕೈಯಲ್ಲಿ ಮೆಡಲು ಹಿಡಿದು ನಿಂತ ಓನರನ್ನು, ನಮ್ಮ ದಾರಿ ಯಾವಾಗ ಬಿಡುತ್ತೀರಿ ಸಾರ್ ಎಂದು ಕೇಳುವುದು ಅವಳ ಲೆಕ್ಕಾಚಾರ. ಗಾಜಿನ ಮನೆಯೊಳಗಿನಿಂದ ಅವರು ಯಾವತ್ತೂ ಊರವರ ಎದುರಿಗೆ ಬಂದವರಲ್ಲ. ಮೈಕಿನೆದುರಿನಿಂದ ಓಡಿಹೋಗಲು ಅವರಿಗೂ ಆಗುವುದಿಲ್ಲ.

ದಿಗಂತ್ ವಾಟ್ಸಾಪಿನಲ್ಲಿ ತರಬೇತಿಯ ಪಾಠ ಕಳಿಸಿದ. ಗುಡ್ಡ ಹತ್ತು, ಇಳಿ, ಮತ್ತೆ ಹತ್ತು, ಮತ್ತೆ ಇಳಿ.

"ಕೆಳಗೆ ಏನಾದ್ರು ಮರ್ತು ಬಂದಿದ್ರೆ ತಾನೆ ಮತ್ತೆ ಇಳಿಯದು? ಇದ್ಯಾವ ಹುಚ್ಚೋ," ಅಂದಳು ಸುಧಾ. ಆದರೂ ಹತ್ತಿ ಇಳಿದಳು. ಸಂತೆಯಲ್ಲಿ ಕೊಂಡ ಕ್ಯಾನ್ವಾಸ್ ಶೂ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದವು. ಅದಕ್ಕಿಂತ ದೊಡ್ಡ ತೊಂದರೆ ಬಲಗೈಯದು. ಕ್ಯಾನಿಲ್ಲದೆ ಓಡಿದರೆ ಮೈ ಎಡಕ್ಕೆ ವಾಲುತ್ತಿತ್ತು. ಕೈಗೆ ಏನಾದರೂ ಹಿಡಿಯಬೇಕು, ಏನಾದರೂ ಮಾಡಬೇಕು. ಪಕ್ಕದ ಮನೆಯ ಮುದುಕ ಜಯಪ್ಪ ಜಗಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ದಿನಾ ಕಾಮೆಂಟ್ರಿ ಕೊಡುತ್ತಿದ್ದ.

"ಚಿದಾನಂದ, ನಿನ್ ಹೆಂಡ್ತೀನ ಯಾರು ಅಟ್ಟಿಸ್ಕಂಡು ಬತ್ತಾವ್ರೊ?"

"ಯಾರೂ ಇಲ್ಲ ಜಯಪ್ಪಣ್ಣ, ಅವ್ಳೇ ಓನರ್‌ನ ಅಟ್ಟಿಸ್ಕಂಡು ಹೋಗ್ತಾವ್ಳೆ."

ಓಟದ ಭಾನುವಾರ ಶಾಲೆ ಬಯಲಿನಲ್ಲಿ ಬೆಂಗಳೂರೇ ಇಳಿದಿತ್ತು. ಬೆನ್ನಿಗೆ ನೀರಿನ ಚೀಲ, ಅದರಿಂದ ಬಾಯಿಗೆ ನಳಿಗೆ, ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವರ ಹಾಗೆ. ಸ್ಪೀಕರಿನಲ್ಲಿ ಒಬ್ಬ ಕಿರುಚುತ್ತಿದ್ದ, ಉಳಿದವರು ಕೈಕಾಲು ಝಾಡಿಸುತ್ತಿದ್ದರು. ಸುಧಾಳ ಎದೆಗೆ ಪಿನ್ನು ಹಾಕಿ ನಂಬರಿನ ಚೀಟಿ ಸಿಕ್ಕಿಸಿದರು.

"ಇದು ಎಲ್ಲಿವರ್ಗೆ ನಡಿತದೆ? ನಾಳೆ ಹಾಲಿಗೆ ಹೋಗೋವಾಗ್ಲೂ ಹಾಕ್ಕಂಡ್ರೆ ಗೇಟ್ ತೆಗಿತಾರಾ?" ಎಂದು ಅವಳು ಕೇಳಿದ್ದಕ್ಕೆ ದಿಗಂತ್ ನಕ್ಕ. ಅವಳು ತಮಾಷೆ ಮಾಡಿರಲಿಲ್ಲ.

ಬೆಟ್ಟ ಹತ್ತುವಾಗ ಸುಧಾ ಹೆಂಗಸರಲ್ಲಿ ಎಲ್ಲರಿಗಿಂತ ಮುಂದಿದ್ದಳು. ತೊಂದರೆ ಶುರುವಾದದ್ದು ಇಳಿಜಾರಿನಲ್ಲಿ, ಊರಿನ ಗದ್ದೆ ಬಯಲಿಗೆ ಬಂದಾಗ. ಅಲ್ಲಿ ಉಣುಗೋಲುಗಳಿವೆ. ಎರಡು ಗೂಟ, ಗೂಟಗಳಲ್ಲಿ ತೂತು, ತೂತಿಗೆ ಅಡ್ಡಡ್ಡ ತೂರಿಸಿದ ಬೊಂಬುಗಳು. ದಾಟುವವರು ಬೊಂಬು ಸರಿಸಿ ದಾಟಿ ಮತ್ತೆ ತೂರಿಸಬೇಕು, ಇಲ್ಲವಾದರೆ ದನ ನುಗ್ಗುತ್ತದೆ. ಇದನ್ನು ಬಾಣೆಗದ್ದೆಯಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ. ಮಕ್ಕಳು ನಡೆಯುವುದರ ಜೊತೆಗೇ ಅದನ್ನೂ ಕಲಿಯುತ್ತವೆ. ತೆಗೆದದ್ದನ್ನು ಹಾಕದೆ ಹೋದವನಿಗೆ ಊರಲ್ಲಿ ಹೆಣ್ಣು ಸಿಗುವುದು ಕಷ್ಟ.

ಮುಂದೆ ಹೋದ ಗಂಡಸರು ಬೊಂಬುಗಳನ್ನು ಕಿತ್ತು ಗದ್ದೆಗೆಸೆದು ಹೋಗಿದ್ದರು. ಸುಧಾ ನಿಂತಳು. ಹೆಕ್ಕಿ ತಂದು ಒಂದೊಂದಾಗಿ ತೂರಿಸಿದಳು. ಅಷ್ಟರಲ್ಲಿ ಹಿಂದಿನಿಂದ ಬಂದ ಹಸಿರು ಟೀಶರ್ಟಿನ ಹುಡುಗಿ ಅದನ್ನೇ ಮತ್ತೆ ಎಳೆದು ಬಿಸಾಡಿ, "ಆಂಟೀ, ರೇಸ್ ನಡೀತಿದೆ!" ಎನ್ನುತ್ತಾ ಹಾರಿ ಹೋದಳು.

"ನಿಮ್ಮಪ್ಪನ ಗದ್ದೆಯೇನೇ? ಹಾಕಿ ಹೋಗೇ!" ಎಂದು ಕೂಗಿ, ಸುಧಾ ಮತ್ತೆ ಹಾಕಿದಳು. ಮುಂದಿನ ಉಣುಗೋಲಿನಲ್ಲೂ ಅದೇ ರಾಮಾಯಣ. ಓಡಲು ಬಂದವಳೋ, ಬೇಲಿ ಕಟ್ಟಲು ಬಂದವಳೋ ಎಂದು ನೋಡಿದವರಿಗೆ ಅನುಮಾನ ಬರಬೇಕು. ಹಾಕದೆ ಓಡಲು ಒಮ್ಮೆ ಪ್ರಯತ್ನವನ್ನೂ ಮಾಡಿದಳಂತೆ. ಕಾಲು ಹೋಯಿತು, ಕೈ ಅಲ್ಲೇ ಉಳಿಯಿತು, ವಾಪಸು ಬಂದು ಹಾಕಿದಳು.

ಕೊನೆಯ ಉಣುಗೋಲು ದಾಟಿದ ಮೇಲೆ ಒಂದು ಕಲ್ಲಿನ ಇಳಿಜಾರು. ಅಲ್ಲಿ ಹಸಿರು ಟೀಶರ್ಟಿನವಳು ಕಾಲು ನೋಡಿ ನೋಡಿ ಇಡುತ್ತಿದ್ದಾಗ ಸುಧಾ ಕಲ್ಲಿಂದ ಕಲ್ಲಿಗೆ ಹಾರಿ ಮುಂದಾದಳು. ಎದುರಿಗೆ ಗೇಟು. ಹಾರುಹೊಡೆದಂತೆ ತೆರೆದಿತ್ತು, ಮೇಲೆ ಹೋಮ್‌ಸ್ಟೇಯ ಬ್ಯಾನರು ಕಟ್ಟಿದ್ದರು. ಪಕ್ಕದ ಕಲ್ಲಿನ ಮೇಲೆ ಎಸ್ಟೇಟಿನ ರೈಟರು ಕೃಷ್ಣಪ್ಪ ಕುಳಿತಿದ್ದ. ಆಳುಗಳ ಹಾಜರಿ ನೋಡುವ ಇವನೇ ಇಷ್ಟು ದಿನ ಗೇಟು ಕಾದವನು.

"ಸುಮ್ನೆ ನನ್ ಹೊಟ್ಟೆ ಮೇಲೆ ಹೊಡಿಬ್ಯಾಡ ಸುಧಾ, ಬೋರ್ಡ್ ಓದು," ಎಂದು ಅವನು, "ನನ್ ಹಾಲಿಗೆ ಓದಕ್ ಬರಲ್ಲ ಕೃಷ್ಣಪ್ಪಣ್ಣ," ಎಂದು ಇವಳು ಎಷ್ಟೋ ಬೆಳಗ್ಗೆ ಜಗಳವಾಡಿದ ಜಾಗ ಅದು. ಇವತ್ತು ಅವನು ಚಪ್ಪಾಳೆ ತಟ್ಟಿದ.

ಸುಧಾ ಗೇಟಿನೊಳಗೆ ಹೋದಳು. ಹೋದವಳು ತಿರುಗಿ, ಗೇಟು ಎಳೆದು, ಚಿಲಕ ಹಾಕಿ, ಚಿಲಕಕ್ಕೆ ತೂಗುಬಿದ್ದಿದ್ದ ಬೀಗ ಒತ್ತಿದಳು. ಅವಳ ಕೊಟ್ಟಿಗೆಗೆ ಹಾಕುವಂಥದೇ ಬೀಗ, ಒತ್ತಿದರೆ ಕೂತುಬಿಡುತ್ತದೆ. ಒತ್ತಿ, ಓಡಿದಳು.

ನಾಲ್ಕು ಹೆಜ್ಜೆ ಹೋದ ಮೇಲೆ ತಾನು ಕೇಳಿದ ಸದ್ದು ಏನೆಂದು ಅವಳಿಗೆ ತಿಳಿಯಿತು.

ತಿರುಗಿ ನೋಡಿದರೆ ಗೇಟಿನ ಆಚೆ ಹಸಿರು ಟೀಶರ್ಟಿನವಳು ಸರಳು ಹಿಡಿದು ನಿಂತಿದ್ದಳು, ಹಿಂದೆ ಇಡೀ ದಂಡು. ಕೃಷ್ಣಪ್ಪ ಎರಡೂ ಕೈ ತಲೆಯ ಮೇಲಿಟ್ಟಿದ್ದ.

"ಕೀ ಎಲ್ಲಿ?" ಸುಧಾ ಕೇಳಿದಳು.

"ಓನರ್ ಹತ್ರ. ಬೆಳಿಗ್ಗೆ ತೆಗ್ದು ವಾಪಸ್ ಇಸ್ಕಂಡ್ರು, ನನ್ ಮೇಲೆ ನಂಬ್ಕೆ ಇಲ್ವಲ್ಲ!" ಅಂದ ಕೃಷ್ಣಪ್ಪ. ಫೋನು ಹಚ್ಚಿದ. ನೆಟ್‌ವರ್ಕಿಲ್ಲ. ಅವನಿಗೆ ತೋಚಿದ್ದು ದಿನಾ ಊರವರಿಗೆ ಹೇಳುವ ಮಾತೇ. "ನೀವು ಹಿಂಗೆ ಗುಡ್ಡ ಸುತ್ತಿ ರಸ್ತೆಗಿಳೀರಿ. ಒಂದ್ ಗಂಟೆ ದಾರಿ ಅಷ್ಟೆ. ಊರೋರೆಲ್ಲ ದಿನಾ ಹಂಗೇ ಹೋಗದು."

"ದಿನಾನಾ? ದಾರಿ ಇಲ್ಲೇ ಇದ್ಯಲ್ಲ! ಇದು ಅನ್ಯಾಯ ಅಲ್ವಾ?"

ಬಾಣೆಗದ್ದೆಯ ಜನ ಇಷ್ಟು ದಿನ ಹೇಳಿ ಹೇಳಿ ಸುಸ್ತಾದ ಮಾತು. ಬೆವರಿದ ಬೆಂಗಳೂರಿನ ಬಾಯಲ್ಲಿ ಅದು ಬರಲು ಎರಡು ನಿಮಿಷ ಸಾಕಾಯಿತು. ಅನ್ಯಾಯ ಅರ್ಥವಾಗಬೇಕಾದರೆ ಅದು ನಮ್ಮ ವಾಚು ನಿಲ್ಲಿಸಬೇಕು ಎಂದಾಯಿತು.

ಕೆಳಗಿನಿಂದ ಮೈಕಿನ ಸದ್ದು ಕೇಳುತ್ತಿತ್ತು. ಸುಧಾ ಒಳಗೆ ಒಬ್ಬಳೇ. ಹೆಂಗಸರೆಲ್ಲ ಆಚೆ. ನಡೆದುಕೊಂಡು ಹೋದರೂ ಮೆಡಲು ಅವಳದೇ, ಮೈಕು ಅವಳದೇ, ಕೇಳಬೇಕಾದ ಮಾತು ಬಾಯಲ್ಲೇ ಇತ್ತು. ಅವಳು ಒಂದು ಹೆಜ್ಜೆ ಕೆಳಕ್ಕಿಟ್ಟಳು ಕೂಡ.

ಆಮೇಲೆ ಬೈದುಕೊಳ್ಳುತ್ತಾ ವಾಪಸು ಬಂದಳು.

"ನಾನೇ ಹಾಕಿದ್ದು. ತಡೀರಿ," ಅಂದಳು. ಕಲ್ಲು ತಂದು ಬೀಗಕ್ಕೆ ಕುಟ್ಟಿದಳು. ಒಳ್ಳೆಯ ಬೀಗ, ಜಗ್ಗಲಿಲ್ಲ. ಆಗ ದಂಡಿನಿಂದ ಇಬ್ಬರು ದಪ್ಪ ತೋಳಿನ ಹುಡುಗರು ಮುಂದೆ ಬಂದು ಗೇಟಿನ ಬುಡ ನೋಡಿ, ಕೆಳಗೆ ಕೈಹಾಕಿ ಮೇಲಕ್ಕೆತ್ತಿದರು. ಒಳಗಿನಿಂದ ಸುಧಾ ಹೆಗಲು ಕೊಟ್ಟಳು. ತಿರುಗುಣಿಯ ಗೂಟದಿಂದ ಗೇಟು ಕಳಚಿ, ಬೋರ್ಡಿನ ಸಮೇತ ಕಾಫಿ ಗಿಡಗಳ ಬುಡಕ್ಕೆ ಬಿತ್ತು. ಜಿಮ್ಮಿನಿಂದ ದೇಶಕ್ಕೆ ಏನು ಉಪಯೋಗ ಎಂಬ ನನ್ನ ಬಹುದಿನದ ಪ್ರಶ್ನೆಗೆ ಉತ್ತರ ಸಿಕ್ಕಿತು. ಹತ್ತಾರು ಮೊಬೈಲುಗಳು ಅದನ್ನು ವೀಡಿಯೊ ಮಾಡಿದವು. ಹಸಿರು ಟೀಶರ್ಟಿನವಳು ಸುಧಾಳ ಕಾಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಹೋದಳು.

ಮೆಡಲು ಅವಳಿಗೇ ಹೋಯಿತು. ಮೈಕು ಹಿಡಿದು ಅಮ್ಮನಿಗೆ ಥ್ಯಾಂಕ್ಸ್ ಹೇಳಿದಳು. ಸುಧಾ ಕುಂಟುತ್ತಾ ಕೊನೆಗೆ ಬಂದಾಗ ಸ್ಪೀಕರು ಬಿಚ್ಚುತ್ತಿದ್ದರು, ಓನರು ಒಳಗೆ ಹೋಗಿದ್ದರು. ಚಿದಾನಂದ ಒಂದು ಬಾಳೆಹಣ್ಣು ಹಿಡಿದುಕೊಂಡು ಕಾಯುತ್ತಿದ್ದ.

"ಗೇಟು ತೆಗ್ಸಾಕೆ ಅಂತ ಹೋಗಿ ನೀನೇ ಹಾಕ್ದಾ?"

"ಬಾಯ್ ಮುಚ್ಕಂಡ್ ಬೈಕ್ ತೆಗಿ."

"ಅಲ್ಲ, ಒಬ್ಳೇ ಇದ್ದಲ್ಲ ಒಳಗೆ. ಬಂದು ಮೈಕ್ ಹಿಡಿಯದ್ ಬಿಟ್ಟು?"

"ಎಲ್ಲಾರ್ನೂ ಹೊರಗಿಟ್ಟು ಬೀಗ ಜಡ್ದು, ಆಮೇಲ್ ಬಂದು ಅವಪ್ಪನ್ನ ಯಾಕ್ ಬೀಗ ಜಡ್ದೆ ಅಂತ ಕೇಳ್ಲಾ? ನಾಚ್ಕೆ ಆಗಲ್ವಾ?"

ಸೋಮವಾರ ಬೆಳಗ್ಗೆ ಅವಳು ಕ್ಯಾನು ಹಿಡಿದು ಕಾಲುದಾರಿಗೇ ಇಳಿದಳು. ಗೇಟು ಬಿದ್ದಲ್ಲೇ ಬಿದ್ದಿತ್ತು. ಜಯಪ್ಪ, ಊರಿನ ನಾಲ್ಕು ಜನ ಆಗಲೇ ಅಲ್ಲಿ ಗುಂಡಿ ತೋಡುತ್ತಿದ್ದರು. ದಾರಿ ಬಿಟ್ಟಿತೆಂದು ದನ ಕಾಫಿಗೆ ನುಗ್ಗಬಾರದಲ್ಲ. ಉಣುಗೋಲು ಬೇಕು. ಬೊಂಬು ತಂದುಕೊಟ್ಟವನು ಕೃಷ್ಣಪ್ಪ. ಓನರು ಕಾರಿನಲ್ಲಿ ಬಂದು, ಪೊಲೀಸು, ಕೋರ್ಟು ಎಂದೆಲ್ಲ ಕೂಗಾಡಿದಾಗ ಅವನೇ ಕೈಕಟ್ಟಿ ಹೇಳಿದ: "ಸಾರ್, ಕಿತ್ತಿದ್ದು ನಿಮ್ ಗೆಸ್ಟು. ವೀಡಿಯೋಲಿ ನಿಮ್ ಬ್ಯಾನರೂ ಅದೆ. ಎಲ್ಲಾರೂ ನೋಡವ್ರೆ."

ಓನರು ಬ್ಯಾನರನ್ನು ನೆನೆಸಿಕೊಂಡು ಸುಮ್ಮನಾದರು. ಮುಂದಿನ ಭಾನುವಾರದ ರೂಮುಗಳೆಲ್ಲ ಆ ವೀಡಿಯೊ ನೋಡಿದವರಿಗೇ ಬುಕ್ ಆಗಿದ್ದವಂತೆ. ಹಾಗೆಂದು ನ್ಯಾಯ ಗೆದ್ದಿತು ಎಂದು ಯಾರೂ ಕುಣಿಯುವುದು ಬೇಡ. ಸರ್ವೆ ಇನ್ನೂ ಆಗಿಲ್ಲ. ಮಳೆ ನಿಂತು ಎಷ್ಟೋ ಕಾಲವಾಯಿತು, ಈಗ ಬಿಸಿಲು ಕಡಿಮೆಯಾಗಲಿ ಅನ್ನುತ್ತಿದ್ದಾರೆ. ನಾಳೆ ಇನ್ನೊಂದು ಗೇಟು ಬರಬಹುದು. ಶಿರಂಗಾಲದವರಿಗೆ ಮಾತ್ರ ಹಸು ಇಲ್ಲ ಎಂದು ಚಿದಾನಂದ ಫೋನು ಮಾಡಿ ಹೇಳಿದ.

ಮೊನ್ನೆ ಸುಧಾ ಖಾಲಿ ಕ್ಯಾನು ಹಿಡಿದು ಹತ್ತಿ ಬರುವಾಗ, ಬೆಳಗಿನ ವಾಕಿಂಗ್ ಹೊರಟ ಓನರು ಉಣುಗೋಲಿನ ಬೊಂಬು ಸರಿಸಿ ದಾಟಿ, ಹಾಗೇ ಬಿಟ್ಟು ಮುಂದೆ ಹೋದರು.

"ಯಾರ್ರೀ ಅದು! ತೆಗ್ದಿದ್ದು ಹಾಕಿ ಹೋಗ್ರೀ!"

ಓನರು ತಿರುಗಿ ನೋಡಿದರು. ವಾಪಸು ಬಂದರು. ಬೊಂಬುಗಳನ್ನು ಒಂದೊಂದಾಗಿ ತೂರಿಸಿದರು. ಕೆಳಗಿನದು ಸರಿಯಾಗಿ ಕೂರಲಿಲ್ಲ. ಸುಧಾ ನಿಂತು ಕಾದಳು, ಅದನ್ನೂ ಹಾಕಿಸಿಯೇ ಹೋದಳು.