ಖಾಲಿ ಬಿಡದ ಕಿಟಕಿ

ಇವತ್ತು ಬೆಳಗ್ಗೆ ಪಕ್ಕದ ಮನೆಯವರು ಕಡಲೆಕಾಯಿ ಹುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಲ್ಯಾಪ್‌ಟಾಪ್ ಮುಂದೆ ಕೈಕಟ್ಟಿ ಕೂತಿದ್ದ ನನಗೆ ಸಿರಿಯಕ್ಕ ನೆನಪಾದಳು. ಕೈಕಟ್ಟಿ ಕೂತದ್ದು ಭಯಕ್ಕೆ. ಮಗಳು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ, ಈಗ ಅವಳು ಶಾಲೆಗೆ ಸೇರಿದ ಮೇಲೆ, ಮಧುಗಿರಿಯ ಮನೆಯಿಂದಲೇ ಮಾಡಿ ಎಂದು ಮತ್ತೆ ಕರೆದಿದ್ದರು. ಇವತ್ತು ಮೊದಲ ದಿನ. ಕಲಿತದ್ದೆಲ್ಲ ಸಾರಿನ ಒಗ್ಗರಣೆಯ ಜೊತೆ ಹಾರಿಹೋಗಿದ್ದರೆ? ಅಲ್ಲಿ ನನ್ನ ನೆನಪಾದರೂ ಯಾರಿಗಿದೆ?

ನೀವು ಟಿಮಕ್ಸ್ ಕಂಡಿಲ್ಲದಿದ್ದರೆ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಒಂದೇ ಕಪ್ಪು ಪರದೆಯೊಳಗೆ ಬೇಕಾದಷ್ಟು ಕಿಟಕಿ ತೆರೆದು, ಒಂದೊಂದರಲ್ಲಿ ಒಂದೊಂದು ಕೆಲಸ ಹಚ್ಚುವ ಉಪಾಯ ಅದು. ನಮ್ಮ ಕಡೆ ಕರೆಂಟು ಹೋದರೂ ದೂರದ ಯಂತ್ರದಲ್ಲಿ ಆ ಕಿಟಕಿಗಳು ತಮ್ಮ ಪಾಡಿಗೆ ದುಡಿಯುತ್ತಿರುತ್ತವೆ. ಪಾವಗಡದ ಆಚೆ, ಸೋಲಾರ್ ಹಲಗೆಗಳ ಮೇಲೆ ಕಣ್ಣಿಡುವ ನಮ್ಮ ಕೆಲಸದ ಕೋಣೆಯಲ್ಲಿ ನನಗೆ ಇದನ್ನು ಕಲಿಸಿದವಳು ಸಿರಿಯಕ್ಕ. ನನಗಿಂತ ಹಿರಿಯಳು, ವೈ.ಎನ್.ಹೊಸಕೋಟೆ ಕಡೆಯ ಕುರಿ ಸಾಕುವ ಮನೆಯವಳು. ಅವಳ ಚೀಲದಲ್ಲಿ ಹುರಿದ ಕಡಲೆಕಾಯಿ ಇಲ್ಲದ ದಿನವಿಲ್ಲ; ನಮ್ಮ ಕೀಬೋರ್ಡಿನ ಸಂದಿಯಲ್ಲಿ ಸಿಪ್ಪೆ ಇಲ್ಲದ ದಿನವೂ ಇರಲಿಲ್ಲ.

ನಾನೋ, ಹೊಸ ಉತ್ಸಾಹದಲ್ಲಿ ಕಿಟಕಿಯ ಮೇಲೆ ಕಿಟಕಿ ತೆರೆಯುತ್ತಿದ್ದೆ. ಎಲ್ಲಕ್ಕೂ ಯಂತ್ರ ತಾನೇ ಇಡುವ 'ಬ್ಯಾಷ್' ಎಂಬ ಒಂದೇ ಹೆಸರು. ಯಾವುದರಲ್ಲಿ ಏನಿದೆಯೆಂದು ಹುಡುಕುವುದರಲ್ಲೇ ಊಟದ ಹೊತ್ತಾಗುತ್ತಿತ್ತು.

"ಏಮ್ಮಾ ಮದ್ಗಿರಿ, ಗುರ್ತು ಹಾಕ್ದೆ ಕುರಿ ಬುಟ್ರೆ ಹೆಂಗೆ ಕಂಡ್ಹಿಡೀತೀಯ?" ಎಂದಳು. ನನ್ನ ಊರೇ ಅವಳ ಬಾಯಲ್ಲಿ ನನ್ನ ಹೆಸರು. ಆಮೇಲೆ ಸೆಟ್ಟಿಂಗಿನ ಫೈಲ್ ತೆರೆದು, ಪ್ರತಿ ಹೊಸ ಕಿಟಕಿಯೂ ತೆರೆಯುವ ಮುನ್ನ ಹೆಸರು ಕೇಳುವಂತೆ ಒಂದು ಸಾಲು ಬರೆದಳು. ಇಟ್ಟ ಹೆಸರು ತಾನಾಗಿ ಬದಲಾಗದಂತೆ ಇನ್ನೊಂದು ಸಾಲು.

ಅಷ್ಟಕ್ಕೇ ಬಿಡುವವಳಲ್ಲ. ಕೆಲಸವಿಲ್ಲದ ಕಿಟಕಿಯಲ್ಲಿ ದೊಡ್ಡ ಅಂಕಿಗಳ ಗಡಿಯಾರ ಹಚ್ಚಿಡುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ ಕುರಿಯ ಮಾತೇ ತೆಗೆದಳು. ಅವರ ಮನೆಯವರು ಮೇವು ಹುಡುಕಿ ಮಂದೆ ಹೊಡೆದುಕೊಂಡು ಹೊರಟಾಗ, ಮುಳ್ಳುಬೇಲಿಯ ರೊಪ್ಪದಲ್ಲಿ ನಡೆಯಲಾರದ ಒಂದು ಮುದಿ ಕುರಿಯನ್ನಾದರೂ ಬಿಟ್ಟು ಹೋಗುತ್ತಾರಂತೆ.

"ರೊಪ್ಪ ಖಾಲಿ ಬುಡಬಾರ್ದು ಕಣಮ್ಮ. ಒಂದು ಕುರಿ ಇದ್ರೆ, ಮಿಕ್ಕವು ಬತ್ತವೆ ಅಂತ ರೊಪ್ಪಕ್ಕೆ ಗೊತ್ತಿರ್ತದೆ."

"ಕಂಪ್ಯೂಟರಿಗೂ ಗೊತ್ತಾಗುತ್ತೇನಕ್ಕ?" ಎಂದು ನಕ್ಕೆ. ಅವಳು ಒಂದು ಹಿಡಿ ಕಡಲೆಕಾಯಿ ಕೊಟ್ಟು ನನ್ನ ಬಾಯಿ ಮುಚ್ಚಿಸಿದಳು.

ಇವತ್ತು ಕೊನೆಗೂ ಧೈರ್ಯ ಮಾಡಿ ಪಾಸ್‌ವರ್ಡ್ ಹೊಡೆದು ಒಳಗೆ ಹೋದೆ. ತೆರೆದ ಕಿಟಕಿಗಳ ಹೆಸರು ತೋರುವ, ಪರದೆಯ ಅಡಿಯ ಹಸಿರು ಪಟ್ಟಿಯಲ್ಲಿ ನಾಗಲಮಡಿಕೆ, ಹೊಸಕೋಟೆ, ಹೀಗೆ ಹಲಗೆಗಳಿರುವ ಊರುಗಳದೇ ಹೆಸರು. ಎಲ್ಲಕ್ಕಿಂತ ಕೊನೆಯಲ್ಲಿ 'ಮದ್ಗಿರಿ'. ಮಧುಗಿರಿಯಲ್ಲಿ ನಮ್ಮ ಒಂದು ಹಲಗೆಯೂ ಇಲ್ಲ. ತೆರೆದರೆ, ಪರದೆ ತುಂಬ ಗಡಿಯಾರ ಓಡುತ್ತಿತ್ತು.

ಫೋನ್ ಮಾಡಿದೆ.

"ಆ ಕಿಟ್ಕಿ ನೀನು ಹೋದ ದಿನ್ವೇ ತೆಗ್ದಿದ್ದು," ಎಂದಳು ಸಿರಿಯಕ್ಕ. "ಮೆಷಿನ್ ಆಫಾಗಿ ಆನಾದ್ರೂ ಅದೇ ತೆಕ್ಕೊಳ್ಳಂಗೆ ಬರ್ದಿವ್ನಿ."

"ಯಾಕಕ್ಕ?"

"ಇನ್ಯಾಕೆ? ಬತ್ತೀಯಲ್ಲ ಅಂತ. ಸಾಕು ಮಾತು, ಕೆಲ್ಸ ಹಚ್ಚು."

ಫೋನ್ ಇಟ್ಟು ಪರದೆಯ ಕಡೆ ತಿರುಗಿದೆ. ಯಾವ ಕೀಲಿ ಒತ್ತಿದರೂ ಆ ಗಡಿಯಾರ ಹೋಗುತ್ತದೆ. ನಾನು ಅದರಲ್ಲಿ ಒಂದು ನಿಮಿಷ ಕಳೆಯುವುದನ್ನು ನೋಡುತ್ತ ಕೂತೆ. ಆಮೇಲೆ ಒತ್ತಿ, ಕೆಲಸ ಹಚ್ಚಿದೆ.